ಲಾಂಗೆ ಗುಡ್ಡಗಳ ಊಟ, ವೈನ್: ಗುಡ್ಡ ನೋಡಿ ನೆನಪಿಟ್ಟುಕೊಳ್ಳೋಣ

ವೈನ್ ಪಾಠದ ಹೋದ ಟೆಸ್ಟ್‌ನಲ್ಲಿ ನಾನು ಬರೋಲೊ ಅಂದರೆ ದ್ರಾಕ್ಷಿಯ ಹೆಸರು ಎಂದು ಬರೆದು ಬಂದಿದ್ದೆ. ತಪ್ಪು. ಬರೋಲೊ ಒಂದು ಊರು. ಬಾರ್ಬರೆಸ್ಕೊ ಕೂಡ ಊರೇ. ನೆಬ್ಬಿಯೊಲೊ, ಬಾರ್ಬೆರಾ, ದೊಲ್ಚೆತ್ತೊ ಇವು ದ್ರಾಕ್ಷಿ ತಳಿಗಳು. ಆ ಎರಡೂ ಊರಿನ ಹೆಸರಿನ ವೈನ್ ಆಗುವುದು ಬರೀ ನೆಬ್ಬಿಯೊಲೊದಿಂದ. ಸುಮ್ನೆ ಬಾಯಿಪಾಠ ಮಾಡಿದರೆ ಹೀಗೇ ಕಲಸಿಹೋಗುತ್ತದೆ. ಅದಕ್ಕೇ ಈ ಸಲ ಗುಡ್ಡವನ್ನೇ ಹಿಡಿದುಕೊಂಡು ಓದಿದೆ: ಬಿಸಿಲು ಯಾವ ಕಡೆ, ಎತ್ತರ ಎಷ್ಟು. ಅಷ್ಟು ಗೊತ್ತಾದರೆ ಅಲ್ಲಿ ಏನು ಬೆಳೆಯುತ್ತದೆ, ಏನು ತಿನ್ನುತ್ತಾರೆ ಎಂಬುದು ತಾನಾಗಿಯೇ ನೆನಪಿಗೆ ಬರುತ್ತದೆ.

ಲಾಂಗೆ ಇರುವುದು ಇಟಲಿಯ ವಾಯವ್ಯದ ಪಿಯೆಮೊಂತೆಯಲ್ಲಿ, ಆಲ್ಬಾ ಪಟ್ಟಣದ ಸುತ್ತ. ಚಳಿಗಾಲದಲ್ಲಿ ಹಿಮ ಎಲ್ಲಿ ಮೊದಲು ಕರಗುತ್ತದೋ ಅಲ್ಲಿ ನೆಬ್ಬಿಯೊಲೊ ನೆಡಬೇಕು ಎಂಬ ಮಾತು ಅಲ್ಲಿದೆ. ಅಂದರೆ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು. ಕಾರಣ ಇಷ್ಟೇ: ಈ ಬಳ್ಳಿ ಬೇಗ ಚಿಗುರುತ್ತದೆ, ಹಣ್ಣಾಗುವುದು ಮಾತ್ರ ತೀರಾ ತಡ, ಅಕ್ಟೋಬರ್ ಹೊತ್ತಿಗೆ. ಅಷ್ಟು ದಿನ ಬಿಸಿಲು ಸಿಗದಿದ್ದರೆ ಕಾಯಿ ಕಾಯಿಯಾಗೇ ಉಳಿಯುತ್ತದೆ. ವೈನಿಗೆ ಬರೋಲೊ ಎಂಬ ಹೆಸರು ಹಾಕಲು ಇರುವ ನಿಯಮದಲ್ಲೂ ಉತ್ತರಕ್ಕೆ ಮುಖ ಮಾಡಿದ ತೋಟಕ್ಕೆ ಜಾಗವಿಲ್ಲ.

ಪರೀಕ್ಷೆಯಲ್ಲಿ ಎಡವುವ ಜಾಗ ಇದು: ಗ್ಲಾಸಿನಲ್ಲಿ ನೆಬ್ಬಿಯೊಲೊ ಬಣ್ಣ ತೆಳು. ಬಣ್ಣ ನೋಡಿ ಹಗುರ ವೈನ್ ಎಂದು ಬರೆಯಬೇಡಿ. ಬಾಯಿಗೆ ಹಾಕಿದರೆ ಹುಳಿ ಜಾಸ್ತಿ, ಟ್ಯಾನಿನ್ ಅದಕ್ಕಿಂತ ಜೋರು. ಟ್ಯಾನಿನ್‌ಗೆ ನಮ್ಮಲ್ಲಿ ಒಳ್ಳೆಯ ಪದವೇ ಇದೆ, ಒಗರು. ನೇರಳೆ ಹಣ್ಣು ತಿಂದ ಮೇಲೆ ನಾಲಿಗೆ ಒಣಗಿ ಒರಟಾಗುತ್ತಲ್ಲ, ಅದೇ. ಈ ಒಗರು ಇಳಿಯಲು ಕಾಲ ಬೇಕು. ಹಾಗಾಗಿ ಬರೋಲೊ ಕನಿಷ್ಠ 38 ತಿಂಗಳು ಕಾಯಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಬಾರ್ಬರೆಸ್ಕೊಗೆ 26 ತಿಂಗಳು, ಮರದಲ್ಲಿ 9. ಬರೋಲೊ ವೈನಿಗೆ ದ್ರಾಕ್ಷಿ ಬೆಳೆಯಲು ಅನುಮತಿ ಇರುವುದು 11 ಊರುಗಳಿಗೆ ಮಾತ್ರ. ಅದರೊಳಗೂ ಮಣ್ಣು ಬೇರೆ ಬೇರೆ. ಲಾ ಮೊರ್ರಾ ಕಡೆಯ ವೈನ್ ಸ್ವಲ್ಪ ಬೇಗ ಮೆದುವಾಗುತ್ತದೆ, ಸೆರ್ರಾಲುಂಗಾ ಕಡೆಯದು ಗಡಸು.

ಬಿಸಿಲು ಕಡಿಮೆ ಬೀಳುವ ಜಾಗಕ್ಕೆ ದೊಲ್ಚೆತ್ತೊ. ಬೇಗ ಹಣ್ಣಾಗುವುದರಿಂದ ಅಲ್ಲೂ ನಡೆಯುತ್ತದೆ. ಹೆಸರಿನಲ್ಲಿ 'ಸಿಹಿ' (ಇಟಾಲಿಯನ್‌ನಲ್ಲಿ ದೊಲ್ಚೆ) ಇದೆ, ವೈನ್ ಸಿಹಿ ಅಲ್ಲ. ಇದೂ, ಬಾರ್ಬೆರಾವೂ ಅಲ್ಲಿಯವರ ದಿನನಿತ್ಯದ ಊಟದ ವೈನ್.

ಇನ್ನೂ ಮೇಲೆ ಹತ್ತಿದರೆ ಚಳಿ ಹೆಚ್ಚು, ದ್ರಾಕ್ಷಿ ಕಡಿಮೆ. ಅಲ್ಲಿ ಹೇಜಲ್‌ನಟ್ ತೋಟಗಳು, ಕೊರ್ತೆಮಿಲಿಯಾ ಅದಕ್ಕೆ ಹೆಸರುವಾಸಿ. ಎರಡನೇ ಮಹಾಯುದ್ಧದ ನಂತರ ಕೋಕೋ ಸಿಗುವುದೇ ಕಷ್ಟವಾಗಿತ್ತು. ಆಲ್ಬಾದ ಫೆರೆರೊ ಮನೆತನದವರು ಸುತ್ತಮುತ್ತ ಬೇಕಾದಷ್ಟು ಸಿಗುತ್ತಿದ್ದ ಈ ಕಾಯಿಯನ್ನು ಅರೆದು ಚಾಕೊಲೇಟಿಗೆ ಸೇರಿಸಿ ಕೋಕೋ ಉಳಿಸಿದರು. 1964ರಲ್ಲಿ ಬಂದ, ಬ್ರೆಡ್ಡಿಗೆ ಹಚ್ಚುವ ನುಟೆಲ್ಲಾದ ಮೂಲ ಅದೇ. ಇದೇ ಎತ್ತರದಲ್ಲಿ ಆಡು, ಕುರಿ ಮೇಯುತ್ತವೆ. ರೊಕ್ಕಾವೆರಾನೊದ ರೊಬಿಯೋಲಾ ಚೀಸ್‌ನಲ್ಲಿ ಕನಿಷ್ಠ ಅರ್ಧದಷ್ಟು ಆಡಿನ ಹಾಲೇ ಇರಬೇಕು. ಮುರಾತ್ಸಾನೊ ಚೀಸ್‌ನಲ್ಲಿ ಕುರಿ ಹಾಲು ಜಾಸ್ತಿ.

ನನಗೆ ತುಂಬ ಇಷ್ಟವಾದದ್ದು ಬಾನ್ಯಾ ಕಾವ್ಡಾ. ಬೆಳ್ಳುಳ್ಳಿ, ಉಪ್ಪು ಹಾಕಿಟ್ಟ ಆಂಚೊವಿ ಮೀನು, ಆಲಿವ್ ಎಣ್ಣೆ, ಮೂರನ್ನೂ ಸಣ್ಣ ಉರಿಯಲ್ಲಿ ಕರಗುವ ತನಕ ಬೇಯಿಸಿ, ಬಿಸಿ ಆರದಂತೆ ಮಣ್ಣಿನ ಪಾತ್ರೆಯ ಕೆಳಗೆ ದೀಪ ಇಟ್ಟು, ತರಕಾರಿ ಅದ್ದಿ ತಿನ್ನುವುದು. ಆದರೆ ಲಾಂಗೆಯಲ್ಲಿ ಸಮುದ್ರವೂ ಇಲ್ಲ, ಆಲಿವ್ ಊರೂ ಅಲ್ಲ. ಮತ್ತೆ ಇವೆಲ್ಲ ಎಲ್ಲಿಂದ? ದಕ್ಷಿಣಕ್ಕೆ ಗುಡ್ಡ ದಾಟಿದರೆ ಲಿಗುರಿಯಾ ಕರಾವಳಿ. ಉಪ್ಪಿನ ವ್ಯಾಪಾರದ ಹಾದಿಯಲ್ಲೇ ಮೀನೂ ಎಣ್ಣೆಯೂ ಬಂದವು. ಹತ್ತಿರದ ಬ್ರಾ ಪಟ್ಟಣದಲ್ಲೇ 1986ರಲ್ಲಿ ಸ್ಲೋ ಫುಡ್ ಚಳವಳಿ ಬೇರುಬಿಟ್ಟಿತು. ಇಂಥ ಅಡುಗೆ ಉಳಿಸುವುದೇ ಅವರ ಗುರಿ.

ಕೊನೆಗೆ ಕಣಿವೆಗೆ ಇಳಿಯೋಣ. ತೇವ ಇರುವ ಕಡೆ ಓಕ್, ಪಾಪ್ಲರ್, ವಿಲೋ ಮರಗಳ ಬೇರಿಗೆ ಅಂಟಿಕೊಂಡು ನೆಲದೊಳಗೆ ಬಿಳಿ ಟ್ರಫಲ್ ಬೆಳೆಯುತ್ತದೆ. ನಮ್ಮ ಅಣಬೆಯ ದೂರದ ನಂಟ ಅನ್ನಿ. ಹುಡುಕುವುದು ನಾಯಿಯ ಮೂಗಿಗೆ ಬಿಟ್ಟ ಕೆಲಸ. ಹುಡುಕುವವನನ್ನು ಅಲ್ಲಿ ತ್ರಿಫೊಲಾವ್ ಅನ್ನುತ್ತಾರೆ. ಅವರಲ್ಲಿ ಅನೇಕರು ರಾತ್ರಿ ಹೊತ್ತೇ ಹೊರಡುತ್ತಾರೆ, ತಮ್ಮ ಜಾಗ ಬೇರೆಯವರ ಕಣ್ಣಿಗೆ ಬೀಳಬಾರದಲ್ವಾ! ಇದನ್ನು ಬೇಯಿಸುವುದಿಲ್ಲ, ಬಿಸಿ ತಾಗಿದರೆ ಪರಿಮಳ ಹಾರಿಹೋಗುತ್ತದೆ. ಮೊಟ್ಟೆಯ ಹಳದಿ ಧಾರಾಳವಾಗಿ ಹಾಕಿ ಕಲಸಿದ ತಯಾರಿನ್ ಎಂಬ ಎಳೆಎಳೆ ಪಾಸ್ತಾದ ಮೇಲೆ, ತಟ್ಟೆ ಮುಂದಿಟ್ಟ ಮೇಲೆಯೇ, ಹಸಿಯಾಗಿ ತೆಳುವಾಗಿ ಹೆರೆದು ಉದುರಿಸುತ್ತಾರೆ. ಟ್ರಫಲ್ ಅಗೆದ ಗುಂಡಿಯನ್ನು ಹಾಗೇ ಬಿಟ್ಟು ಬರುವಂತಿಲ್ಲ. ಮಣ್ಣು ಮುಚ್ಚಿಯೇ ಬರಬೇಕು, ಬೇರು ಬಯಲಾಗಿ ಒಣಗಿದರೆ ಮುಂದಿನ ವರ್ಷ ಆ ಮರದ ಬುಡದಲ್ಲಿ ಏನೂ ಸಿಗದು.