ಆ ಒಳಮೂಲೆಗೆ ರೇಡಿಯಸ್ ಎಷ್ಟು?

ಮೆಕ್ಯಾನಿಕಲ್ ಮತ್ತು ಮ್ಯಾನುಫ್ಯಾಕ್ಚರಿಂಗ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಓದುವವರು ಪ್ರಾಜೆಕ್ಟ್ ತೋರಿಸಲು ಬಂದಾಗ ನಾನು ಮೊದಲು ಕೇಳುವ ಪ್ರಶ್ನೆ ಇದು. ಪರದೆಯ ಮೇಲೆ ಒಂದು ಬ್ರಾಕೆಟ್ ಇರುತ್ತದೆ. ಒಳಮೂಲೆಯಲ್ಲಿ ಕೆಂಪು ಬಣ್ಣ. "ಇಲ್ಲಿ ಸ್ಟ್ರೆಸ್ ಜಾಸ್ತಿ" ಎನ್ನುತ್ತಾರೆ. ಮೆಶ್ (ಲೆಕ್ಕಕ್ಕಾಗಿ ಭಾಗವನ್ನು ಸಣ್ಣ ತುಂಡುಗಳಾಗಿ ಒಡೆದ ಬಲೆ) ಇನ್ನೂ ಸಣ್ಣದು ಮಾಡಿ ನೋಡಿ ಎನ್ನುತ್ತೇನೆ. ಸಂಖ್ಯೆ ಏರುತ್ತದೆ. ಮತ್ತೂ ಸಣ್ಣದು ಮಾಡಿದರೆ ಮತ್ತೂ ಏರುತ್ತದೆ. ಎಲ್ಲೂ ನಿಲ್ಲುವುದೇ ಇಲ್ಲ.

ಸಾಫ್ಟ್‌ವೇರ್ ಸರಿಯಾಗಿಯೇ ಇದೆ. ಮೂಲೆಯನ್ನು ಚೂಪಾಗಿ ಬರೆದರೆ ಅದರ ರೇಡಿಯಸ್ ಸೊನ್ನೆ. ಎಲಾಸ್ಟಿಕ್ ಲೆಕ್ಕದ ಪ್ರಕಾರ ಅಲ್ಲಿನ ಸ್ಟ್ರೆಸ್‌ಗೆ ಮಿತಿಯಿಲ್ಲ. ಹಾಗಾಗಿ ಆ ಕೆಂಪು ಬಣ್ಣದ ಪಕ್ಕದಲ್ಲಿ ಬರೆದ ಸಂಖ್ಯೆಗೆ ಅರ್ಥವೂ ಇಲ್ಲ.

ಈಗ ಅದೇ ಮೂಲೆಯನ್ನು ಮಿಲ್ಲಿಂಗ್ ಮೆಷಿನ್ ಮುಂದೆ ನಿಂತು ನೋಡಿ. ಕಟರ್ ದುಂಡಗಿದೆ. 10 ಮಿ.ಮೀ. ವ್ಯಾಸದ ಎಂಡ್ ಮಿಲ್ (ಇಂಥದ್ದೇ ಒಂದು ಕಟರ್) ಪಾಕೆಟ್‌ನ, ಅಂದರೆ ಲೋಹದಲ್ಲಿ ಕೊರೆದ ಗುಳಿಯ, ಮೂಲೆಯಲ್ಲಿ ಕನಿಷ್ಠ 5 ಮಿ.ಮೀ. ರೇಡಿಯಸ್ ಬಿಟ್ಟೇ ಬಿಡುತ್ತದೆ. ಅಂದರೆ ಆ ಚೂಪು ಮೂಲೆ ಪರದೆಯ ಮೇಲೆ ಮಾತ್ರ ಇತ್ತು. ಸಣ್ಣ ಕಟರ್ ಹಾಕೋಣ ಅಂದ್ರೆ ಅದು ಬಾಗುತ್ತದೆ. ಉದ್ದ ಮತ್ತು ಬಲ ಅಷ್ಟೇ ಇಟ್ಟು ವ್ಯಾಸ ಅರ್ಧ ಮಾಡಿದರೆ ಬಾಗು 16 ಪಟ್ಟು! ಆಳವಾದ ಪಾಕೆಟ್ ಆದರೆ ಚ್ಯಾಟರ್ (ಕಟರ್‌ನ ನಡುಕ) ಶುರುವಾಗುತ್ತದೆ, ಮೇಲ್ಮೈ ಕೆಡುತ್ತದೆ, ಸಮಯವೂ ಹೋಗುತ್ತದೆ. ರೇಡಿಯಸ್ ದೊಡ್ಡದಿದ್ದರೆ ಫಟೀಗ್ (ಮತ್ತೆ ಮತ್ತೆ ಬೀಳುವ ಹೊರೆಯಿಂದ ಬರುವ ಬಿರುಕು) ತಡೆಯಲೂ ಒಳ್ಳೆಯದು, ಕಟರ್‌ಗೂ ಒಳ್ಳೆಯದು. ಆದರೆ ಜೋಡಿಸುವ ಇನ್ನೊಂದು ಭಾಗ ಒಳಗೆ ಕೂರಬೇಕಲ್ವಾ? ಈ ಎಳೆದಾಟದಲ್ಲೇ ಕೋರ್ಸಿನ ಹೆಸರಿನಲ್ಲಿರುವ ಎರಡೂ ವಿಷಯಗಳು ಸೇರುತ್ತವೆ. ಅವನ್ನು ಬೇರೆ ಬೇರೆ ನೋಟ್‌ಬುಕ್‌ಗಳಲ್ಲಿ ಇಟ್ಟು ಪರೀಕ್ಷೆ ಬರೆದು ಮುಗಿಸುವ ವಿದ್ಯಾರ್ಥಿಗಳನ್ನು ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಕತ್ತರಿಸುವ ವೇಗಕ್ಕೂ ಟೂಲಿನ ಆಯುಷ್ಯಕ್ಕೂ ಇರುವ ಸಂಬಂಧ ಹೇಳುವ ಟೇಲರ್ ಅವರ ಟೂಲ್ ಲೈಫ್ ಸಮೀಕರಣವನ್ನೂ ಹೀಗೇ ಓದಬೇಕು. ಆ ಸಮೀಕರಣದ ಘಾತ ಸುಮಾರು 0.25 ಇರುವ ಕಾರ್ಬೈಡ್ ಟೂಲ್‌ನಲ್ಲಿ ವೇಗವನ್ನು ಶೇ. 20 ಹೆಚ್ಚಿಸಿದರೆ ಟೂಲಿನ ಆಯುಷ್ಯ ಮೊದಲಿನ ಅರ್ಧಕ್ಕಿಂತಲೂ ಸ್ವಲ್ಪ ಕೆಳಗೆ ಇಳಿಯುತ್ತದೆ. ಸೂತ್ರ ಬಾಯಿಪಾಠ ಮಾಡಿದವರಿಗೂ ಈ ಲೆಕ್ಕ ಹಾಕಿ ತೋರಿಸಿದಾಗ ಆಶ್ಚರ್ಯವಾಗುತ್ತದೆ.

ಅಳತೆಯ ಪಾಠ ನಾನು ಕಲಿತದ್ದು ಏಟು ತಿಂದೇ. ನನ್ನ ಥೀಸಿಸ್‌ಗಾಗಿ 200 ಮಿ.ಮೀ. ಉದ್ದದ ಉಕ್ಕಿನ ತುಂಡುಗಳನ್ನು ಮೆಷಿನ್‌ನಿಂದ ಇಳಿಸಿದ ತಕ್ಷಣ ಅಳೆಯುತ್ತಿದ್ದೆ. ಉದ್ದದ ಅಳತೆಗೆ ಜಗತ್ತೆಲ್ಲ ಒಪ್ಪಿದ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್. ತುಂಡು ಅದಕ್ಕಿಂತ 10 ಡಿಗ್ರಿ ಬಿಸಿ ಇದ್ದರೆ ಸುಮಾರು 23 ಮೈಕ್ರಾನ್ ಉದ್ದ ಕಾಣುತ್ತದೆ. ನಾನು ಹುಡುಕುತ್ತಿದ್ದ ವ್ಯತ್ಯಾಸ ಅದಕ್ಕಿಂತ ಚಿಕ್ಕದು! ಮೂರು ತಿಂಗಳ ಡೇಟಾ ಪೂರ್ತಿ ಎಸೆದೆ. ಆಮೇಲಿಂದ ಯಾವ ಗ್ರಾಫ್ ನೋಡಿದರೂ ಮೊದಲು ಕಣ್ಣು ಹೋಗುವುದು ಎರರ್ ಬಾರ್ (ಅಳತೆಯ ಅನಿಶ್ಚಿತತೆ ತೋರಿಸುವ ಗೆರೆ) ಕಡೆಗೆ.

ಥೀಸಿಸ್‌ಗೆ ದೊಡ್ಡ ಹೆಸರಿನ ವಿಷಯ ಬೇಕು ಅನ್ನಿಸುವುದು ಸಹಜ. ಆದರೂ ನೀವೇ ಮಾಡಿ, ನೀವೇ ಅಳೆದು, ಲೆಕ್ಕದ ಜೊತೆ ಹೋಲಿಸಿ ನೋಡಬಹುದಾದ ಒಂದು ಸಣ್ಣ ಪ್ರಶ್ನೆ ಹಿಡಿಯಿರಿ. ಮೊದಲ ಸೆಮಿಸ್ಟರ್‌ನಲ್ಲೇ ನಿಮ್ಮ ಡ್ರಾಯಿಂಗ್ ತೆಗೆದುಕೊಂಡು ವರ್ಕ್‌ಶಾಪ್‌ಗೆ ಹೋಗಿ. ಅಲ್ಲಿ ಮೆಷಿನ್ ನಡೆಸುವವರಿಗೆ ತೋರಿಸಿ, ಸುಮ್ನೆ ಪಕ್ಕದಲ್ಲಿ ನಿಂತುಕೊಳ್ಳಿ. ಅವರ ಬೆರಳು ಮೊದಲು ಯಾವ ಮೂಲೆಯ ಮೇಲೆ ನಿಲ್ಲುತ್ತದೆ ಎಂದು ಗುರುತು ಮಾಡಿಕೊಳ್ಳಿ.