ಪೆನ್ಷನ್ ಜಗಳ: ಎರಡೂ ಕಡೆಯೋರು ಹಾಕೋದು ಅರ್ಧ ಲೆಕ್ಕ

ಫೆಬ್ರವರಿ ಬಂತಂದ್ರೆ ನನ್ನ ಆಫೀಸ್ ತುಂಬ ಮೇಷ್ಟ್ರುಗಳು. ಇನ್‌ಕಮ್ ಟ್ಯಾಕ್ಸ್ ಕೆಲಸ ಮುಗಿಸ್ಕೊಂಡು ಏಳೋ ಮುಂಚೆ ಒಂದು ಪ್ರಶ್ನೆ ಕೇಳೇ ಕೇಳ್ತಾರೆ, ‘ಸಾರ್, ಓಪಿಎಸ್ ಬರುತ್ತಾ?’ ಅಂತ. ಓಪಿಎಸ್ ಅಂದ್ರೆ ಹಳೇ ಪೆನ್ಷನ್ ಸ್ಕೀಮ್. ಬರುತ್ತೋ ಇಲ್ವೋ ವಿಧಾನಸೌಧದೋರ್ನ ಕೇಳ್ಬೇಕು, ನಂಗೆ ಗೊತ್ತಿರೋದು ಲೆಕ್ಕ ಅಷ್ಟೆ.

ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದೋರಿಗೆ ಎನ್‌ಪಿಎಸ್, ಅಂದ್ರೆ ನೌಕರರೂ ಸರ್ಕಾರನೂ ತಿಂಗಳು ತಿಂಗಳು ಕಂತು ಕಟ್ಟಿ ಮಾರ್ಕೆಟ್‌ಲಿ ಹಾಕೋ ಹೊಸ ಪೆನ್ಷನ್. ಒಂದೇ ಸ್ಟಾಫ್ ರೂಮಲ್ಲಿ ಕೂತ ಇಬ್ರಲ್ಲಿ ಒಬ್ರಿಗೆ ಪೂರ್ತಿ ಸರ್ವಿಸ್ ಆಗಿದ್ರೆ ಕೊನೇ ಬೇಸಿಕ್‌ನ ಅರ್ಧ, ಅದ್ರ ಮೇಲೆ ಡಿಎ (ತುಟ್ಟಿಭತ್ಯೆ), ಇನ್ನೊಬ್ರಿಗೆ ಮಾರ್ಕೆಟ್ ಕೊಟ್ಟಷ್ಟು. ನೇಮಕಾತಿ ನೋಟಿಫಿಕೇಶನ್ ಆ ತಾರೀಕಿಗೆ ಮುಂಚೇನೇ ಆಗಿದ್ದು ಆಮೇಲೆ ಕೆಲಸಕ್ಕೆ ಸೇರಿದ ಸುಮಾರು 13,000 ಜನಕ್ಕೆ 2024ರ ಜನವರಿಲಿ ಸರ್ಕಾರ ಹಳೇ ಪೆನ್ಷನ್‌ಗೆ ದಾರಿ ಬಿಡ್ತು, ಅದೂ ಎಷ್ಟು ವರ್ಷ ಅಲೆದ ಮೇಲೆ.

ಲೇಟಾಗಿ ಕೆಲಸ ಸಿಕ್ಕಿ 17 ವರ್ಷ ಸರ್ವಿಸ್ ಮಾಡಿ ರಿಟೈರ್ ಆದ ಒಬ್ರು ಮೇಷ್ಟ್ರು ಸಿಟ್ಟಲ್ಲಿ ಬಂದಿದ್ರು. ಖಾತೇಲಿ 30 ಲಕ್ಷ ಇತ್ತು, ನಿಯಮದ ಪ್ರಕಾರ 60 ಪರ್ಸೆಂಟ್ ಅಂದ್ರೆ 18 ಲಕ್ಷ ಕೈಗೆ ತಗೊಂಡ್ರು, ಉಳಿದ 12 ಲಕ್ಷಕ್ಕೆ ಆನ್ಯುಟಿ (ಇನ್ಶೂರೆನ್ಸ್ ಕಂಪನಿಗೆ ಕಟ್ಟಿ ತಿಂಗಳು ತಿಂಗಳು ವಾಪಸ್ ತಗೊಳ್ಳೋ ದುಡ್ಡು), ಆರೂವರೆ ಪರ್ಸೆಂಟ್ ಅಂದ್ರೂ ತಿಂಗಳಿಗೆ 6,500 ರೂಪಾಯಿ. ‘ಇದೂ ಒಂದು ಪೆನ್ಷನ್ನಾ?’ ಅಂದ್ರು. ಆ 18 ಲಕ್ಷ ಏನಾಯ್ತು ಅಂದ್ರೆ ಮಗಳ ಮದ್ವೆ. ಅದೂ ಪೆನ್ಷನ್ ದುಡ್ಡೇ ಮೇಷ್ಟ್ರೇ ಅಂತ ಹೇಳೋಕೆ ಬಾಯಿ ಬರ್ಲಿಲ್ಲ. ಆದ್ರೆ ಅವರ ಸಿಟ್ಟಲ್ಲಿ ನಿಜ ಇದೆ, ಯಾಕಂದ್ರೆ ಪಕ್ಕದ ಮನೆ ಓಪಿಎಸ್‌ನೋರಿಗೆ ವರ್ಷಕ್ಕೆ ಎರಡು ಸಲ ಡಿಎ ಏರ್ತಾ ಹೋಗುತ್ತೆ, ಇವರ 6,500 ಇನ್ನು ಹದಿನೈದು ವರ್ಷ ಆದ್ರೂ 6,500ಏ.

ಸರ್ಕಾರದೋರ ಲೆಕ್ಕನೂ ಅರ್ಧಾನೇ. ಓಪಿಎಸ್‌ಗೆ ಅಂತ ಎತ್ತಿಟ್ಟ ನಿಧಿ ಇರಲ್ಲ, ಇವತ್ತಿನ ತೆರಿಗೆಲಿ ಇವತ್ತಿನ ಪೆನ್ಷನ್ ಕೊಡೋದು. ಹಳೇ ಪೆನ್ಷನ್ ವಾಪಸ್ ಅಂತ ಘೋಷಿಸಿದ ದಿನದಿಂದ ಸರ್ಕಾರ ಎನ್‌ಪಿಎಸ್‌ಗೆ ತನ್ನ ಪಾಲಿನ ಕಂತು ಕಟ್ಟೋದು ನಿಲ್ಲುತ್ತೆ, ಅಂದ್ರೆ ಈಗಿನ ಸರ್ಕಾರಕ್ಕೆ ದುಡ್ಡು ಉಳೀತು, ಚಪ್ಪಾಳೆನೂ ಬಂತು. 2006ರ ಆಮೇಲೆ ಸಣ್ಣ ವಯಸ್ಸಿಗೇ ಸೇರಿದೋರು ಗುಂಪಾಗಿ ರಿಟೈರ್ ಆಗೋದು 2040ರ ಸುಮಾರಿಗೆ, ಬಿಲ್ಲು ಅವಾಗ ಯಾರಿರ್ತಾರೋ ಅವರ ಟೇಬಲ್ಲಿಗೆ. ರಾಜಸ್ಥಾನ, ಪಂಜಾಬ್, ಹಿಮಾಚಲ ಎಲ್ಲ ವಾಪಸ್ ಅಂದಾಗ ಈಗಾಗಲೇ ಎನ್‌ಪಿಎಸ್‌ಗೆ ಕಟ್ಟಿದ ದುಡ್ಡು ರಾಜ್ಯಗಳಿಗೆ ಕೊಡೋಕೆ ಕಾನೂನಲ್ಲಿ ಅವಕಾಶ ಇಲ್ಲ ಅಂತ ಕೇಂದ್ರ ಹೇಳ್ತು.

ಕೇಂದ್ರ ನೌಕರರಿಗೆ 2025ರ ಏಪ್ರಿಲ್‌ನಿಂದ ಬಂದ ಯುಪಿಎಸ್ (ಯೂನಿಫೈಡ್ ಪೆನ್ಷನ್ ಸ್ಕೀಮ್) ಮಧ್ಯದ ದಾರಿ. 25 ವರ್ಷ ಸರ್ವಿಸ್ ಆದ್ರೆ ಕೊನೇ 12 ತಿಂಗಳ ಬೇಸಿಕ್ ಸರಾಸರಿಯ ಅರ್ಧ, ಜೊತೆಗೆ ತುಟ್ಟಿಭತ್ಯೆ, ಹತ್ತು ವರ್ಷ ಮಾಡಿದ್ರೂ ಕನಿಷ್ಠ 10,000. ಕೇಳೋಕೆ ಚೆನ್ನಾಗಿದೆ, ಆದ್ರೆ ಗಂಡ ಹೆಂಡ್ತಿ ಇಬ್ರೂ ಹೋದ್ಮೇಲೆ ಖಾತೇಲಿದ್ದ ಆ ದುಡ್ಡು ಮಕ್ಕಳಿಗೆ ಬರಲ್ಲ. ಎನ್‌ಪಿಎಸ್ ಬಿಟ್ಟು ಇದಕ್ಕೆ ಬರೋ ಆಯ್ಕೆಯ ಕೊನೇ ದಿನ 2025ರ ಜೂನ್ 30 ಇದ್ದದ್ದು ಸೆಪ್ಟೆಂಬರ್‌ಗೆ, ಆಮೇಲೆ ನವೆಂಬರ್ 30ಕ್ಕೆ ಹೋಯ್ತು ಅಂದ್ರೆ ಜನ ಎಷ್ಟು ಮುಗಿಬಿದ್ರು ನೀವೇ ಊಹಿಸ್ಕೊಳ್ಳಿ.

ನಾನು ಈಗ ಬಂದೋರಿಗೆಲ್ಲ ಮೊದಲು ಪ್ರಾನ್ (ಎನ್‌ಪಿಎಸ್ ಖಾತೆ ನಂಬರ್) ಸ್ಟೇಟ್‌ಮೆಂಟ್ ತೆಗ್ಸಿ ನೋಡ್ತೀನಿ. ಹೋದ ವಾರ ಒಬ್ರು ಮೇಡಂದು ಏಳು ತಿಂಗಳ ಕಂತೇ ಕಾಣಲಿಲ್ಲ, ಸಂಬಳದ ಬಿಲ್ಲಲ್ಲಿ ಮಾತ್ರ ಕಟ್ ಆಗಿದೆ. ಪಾಪ, ಸಂಬಳದ ಬಿಲ್ ಮಾಡೋ ಡಿಡಿಓ ಆಫೀಸಿಗೂ ಖಜಾನೆಗೂ ಓಡಾಡ್ತಾ ಇದಾರೆ.