ಕಾವಲು ಮಂಡಳಿಯ ಹಣದ ಚೀಲ ಯಾರ ಕೈಯಲ್ಲಿದೆ?

ಸ್ಥಳೀಯ ಸರ್ಕಾರದ ನೈತಿಕತಾ ಮಂಡಳಿ ಎಂಬ ಪಾಠ ತೆರೆದ ಕೂಡಲೇ ನಾವೆಲ್ಲ ಅದರ ಅಧಿಕಾರಗಳನ್ನು ಬಾಯಿಪಾಠ ಮಾಡಲು ಹೊರಡುತ್ತೇವೆ. ದೂರು ಸ್ವೀಕರಿಸುವುದು, ಆಸ್ತಿ ವಿವರ ಪರಿಶೀಲಿಸುವುದು, ವಿಚಾರಣೆ ನಡೆಸುವುದು, ದಂಡ ಹಾಕುವುದು. ನಾನೂ ಹಾಗೆಯೇ ಶುರು ಮಾಡಿದೆ. ಈಗ ಬೇರೆಯವರಿಗೆ ಹೇಳಿಕೊಡುವಾಗ ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ: ಮಂಡಳಿಗೆ ಹಣ ಮಂಜೂರು ಮಾಡುವವರು ಯಾರು? ಅಮೆರಿಕದ ಹಲವು ಊರುಗಳಲ್ಲಿ ಉತ್ತರ ಒಂದೇ. ಮೇಯರ್ ಆಯವ್ಯಯ ಮಂಡಿಸುತ್ತಾರೆ, ಕೌನ್ಸಿಲ್ ಒಪ್ಪಿಗೆ ಕೊಡುತ್ತದೆ. ಮಂಡಳಿ ಕಣ್ಣಿಡಬೇಕಾದದ್ದೂ ಇವರ ಮೇಲೆಯೇ.

ಇದರ ಪರಿಣಾಮ ಅರಿಯಲು ಒಂದು ಕಡತವನ್ನು ಕಲ್ಪಿಸಿಕೊಳ್ಳಿ. ಕೌನ್ಸಿಲ್ ಸದಸ್ಯರೊಬ್ಬರು ತಮ್ಮ ಭಾವಮೈದುನನ ಕಂಪನಿಗೆ ರಸ್ತೆ ಗುತ್ತಿಗೆ ಸಿಗುವಂತೆ ಮತ ಹಾಕಿದರು ಎಂಬ ದೂರು ಬಂದಿದೆ. ತನಿಖಾಧಿಕಾರಿ ಸದಸ್ಯರ ಆಸ್ತಿ ಘೋಷಣೆ ತರಿಸಬೇಕು, ಕಂಪನಿಯ ಪಾಲುದಾರರ ದಾಖಲೆ ಹುಡುಕಬೇಕು, ಸಭೆಯ ನಡಾವಳಿ ಓದಬೇಕು, ಸಾಕ್ಷಿಗಳ ಹೇಳಿಕೆ ಪಡೆಯಬೇಕು. ಮಂಡಳಿಯಲ್ಲಿ ಇರುವುದೇ ಇಬ್ಬರು ತನಿಖಾಧಿಕಾರಿಗಳು ಎನ್ನಿ. ಒಬ್ಬರು ಕೆಲಸ ಬಿಟ್ಟರು, ಆ ಹುದ್ದೆ ತುಂಬಲು ಹಣ ಸಿಗಲಿಲ್ಲ. ಕಡತವನ್ನು ಯಾರೂ ವಜಾ ಮಾಡಲಿಲ್ಲ, ಯಾರೂ ಒತ್ತಡ ಹೇರಲಿಲ್ಲ. ಅದು ಕಪಾಟಿನಲ್ಲಿ ಉಳಿಯಿತು, ಕಾಲಮಿತಿ ಮೀರಿತು, ಮುಗಿಯಿತು. ಈ ಕತ್ತರಿಗೆ ಸದ್ದಿಲ್ಲ ಎಂಬುದೇ ನನ್ನನ್ನು ಕಾಡುತ್ತದೆ. ಮಂಡಳಿಯ ಅಧಿಕಾರ ಕಿತ್ತುಕೊಂಡರೆ ಜನ ಬೀದಿಗಿಳಿದಾರು. ಒಂದು ಹುದ್ದೆ ಖಾಲಿ ಉಳಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಇದಕ್ಕೆ ಅಮೆರಿಕದ ಕೆಲವು ನಗರಗಳು ಹುಡುಕಿಕೊಂಡ ದಾರಿ, ಹಣದ ಖಾತರಿಯನ್ನು ನಗರದ ಚಾರ್ಟರ್‌ನಲ್ಲೇ ಬರೆದುಬಿಡುವುದು. ಚಾರ್ಟರ್ ಎಂದರೆ ಆ ಊರಿನ ಸಂವಿಧಾನವಿದ್ದಂತೆ. ಅದನ್ನು ತಿದ್ದಲು ಸಾಮಾನ್ಯವಾಗಿ ಮತದಾರರ ಒಪ್ಪಿಗೆ ಬೇಕು, ಕೌನ್ಸಿಲ್ ಒಂದೇ ಸಂಜೆಯಲ್ಲಿ ಬದಲಿಸಲಾಗದು.

ನ್ಯೂ ಆರ್ಲಿಯನ್ಸ್ ಉದಾಹರಣೆಯನ್ನು ಲೆಕ್ಕ ಮಾಡಿಯೇ ಕಲಿಯಬೇಕು. ಚಂಡಮಾರುತ ಕತ್ರಿನಾ ಅಪ್ಪಳಿಸಿದ ಮೂರು ವರ್ಷಗಳ ನಂತರ, 2008ರಲ್ಲಿ, ಅಲ್ಲಿನ ಮತದಾರರು ಸಾಮಾನ್ಯ ನಿಧಿಯ, ಅಂದರೆ ನಗರದ ದಿನನಿತ್ಯದ ಖರ್ಚು ನಡೆಸುವ ಮುಖ್ಯ ನಿಧಿಯ, ಶೇ 0.75ರಷ್ಟನ್ನು ಕಾವಲು ಸಂಸ್ಥೆಗಳಿಗೆ ಮೀಸಲಿಟ್ಟರು. 2016ರ ತಿದ್ದುಪಡಿ ಅದನ್ನು ಮೂರು ಪಾಲು ಮಾಡಿತು: ಇನ್‌ಸ್ಪೆಕ್ಟರ್ ಜನರಲ್ ಕಚೇರಿಗೆ (ಇದು ಪೊಲೀಸ್ ಹುದ್ದೆಯಲ್ಲ, ಆಡಳಿತದ ಅಕ್ರಮ, ದುಂದುವೆಚ್ಚ ತಪಾಸಿಸುವ ಕಚೇರಿ) ಶೇ 0.55, ಸ್ವತಂತ್ರ ಪೊಲೀಸ್ ಮೇಲ್ವಿಚಾರಕರಿಗೆ ಶೇ 0.16, ನೈತಿಕತಾ ಪರಿಶೀಲನಾ ಮಂಡಳಿಗೆ ಶೇ 0.04. ಅಂದರೆ ಆ ನಿಧಿಯ ಪ್ರತಿ 10,000 ಡಾಲರಿನಲ್ಲಿ 75 ಡಾಲರ್ ಕಾವಲಿಗೆ. ಅದರಲ್ಲಿ ನೈತಿಕತಾ ಮಂಡಳಿಯ ಪಾಲು 4 ಡಾಲರ್. ಪಾಲು ಚಿಕ್ಕದೇ, ಆದರೆ ಅದಕ್ಕಾಗಿ ಪ್ರತಿ ವರ್ಷ ಯಾರ ಮುಂದೆಯೂ ಕೈಚಾಚಬೇಕಿಲ್ಲ.

ಲಾಸ್ ಏಂಜಲೀಸ್‌ನ ನೈತಿಕತಾ ಆಯೋಗವನ್ನು ಮತದಾರರು ಸ್ಥಾಪಿಸಿದ್ದು 1990ರಲ್ಲಿ. ಅದರ ಕೆಲಸಕ್ಕೆ ವರ್ಷಕ್ಕೆ ಕನಿಷ್ಠ 70 ಲಕ್ಷ ಡಾಲರ್ ಎಂಬ ಸಾಲು ಚಾರ್ಟರ್ ಸೇರಿದ್ದು 2024ರ ನವೆಂಬರಿನ ಮತದಾನದಲ್ಲಿ. ನಡುವೆ ಮೂವತ್ತನಾಲ್ಕು ವರ್ಷ.

ಶೇಕಡಾವಾರು ಮೇಲೋ, ನಿಗದಿತ ಮೊತ್ತ ಮೇಲೋ ಎಂದು ಪರೀಕ್ಷೆಯಲ್ಲಿ ಕೇಳಬಹುದು. ಊರಿನ ಆದಾಯ ಬೆಳೆದರೆ ಶೇಕಡಾವಾರು ತಾನೇ ಬೆಳೆಯುತ್ತದೆ, ಕುಸಿದರೆ ತಾನೇ ಕುಸಿಯುತ್ತದೆ. ನಿಗದಿತ ಮೊತ್ತ ಕೆಟ್ಟ ವರ್ಷದಲ್ಲೂ ನಿಲ್ಲುತ್ತದೆ. ಆದರೆ ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸುವ ಷರತ್ತು ಜೊತೆಗಿಲ್ಲದಿದ್ದರೆ ಹತ್ತು ವರ್ಷದಲ್ಲಿ ಒಳಗೊಳಗೇ ಸವೆಯುತ್ತದೆ. ನನಗೆ ಹಿಡಿಸುವುದು ಮೂರನೆಯ ದಾರಿ. ನ್ಯೂಯಾರ್ಕ್‌ನಲ್ಲಿ ನಗರದ ಲೆಕ್ಕಗಳನ್ನು ಹೊರಗಿನಿಂದ ಪರಿಶೀಲಿಸುವ ಸ್ವತಂತ್ರ ಬಜೆಟ್ ಕಚೇರಿಗೆ ಸಿಗಬೇಕಾದ ಹಣ ಮೇಯರ್ ಅವರ ಬಜೆಟ್ ಕಚೇರಿಯ ಹಣದ ಕನಿಷ್ಠ ಶೇ 10. ಕಾವಲು ನಡೆಸುವವರಿಗೆ ಕತ್ತರಿ ಹಾಕಬೇಕೆಂದರೆ ತಮ್ಮ ಕಚೇರಿಗೂ ಹಾಕಿಕೊಳ್ಳಬೇಕು. ಅದೇ ನಗರದ ನೈತಿಕತಾ ಮಂಡಳಿಯಾದ ಹಿತಾಸಕ್ತಿ ಸಂಘರ್ಷ ಮಂಡಳಿಗೆ ಮಾತ್ರ ಇಂಥ ರಕ್ಷಣೆ ಸಿಕ್ಕಿಲ್ಲ. ಅದು ಹಲವು ಬಾರಿ ಕೇಳಿದೆ.

ಖಾತರಿ ಬರೆದಿದ್ದರೂ ಕೆಳಗಿನ ಷರತ್ತನ್ನು ಓದದೆ ಪುಟ ಮಗುಚಬೇಡಿ. ಓಕ್‌ಲೆಂಡ್‌ನ ಮತದಾರರು 2014ರಲ್ಲಿ ಅಲ್ಲಿನ ನೈತಿಕತಾ ಆಯೋಗಕ್ಕೆ ಕನಿಷ್ಠ ಸಿಬ್ಬಂದಿಯ ಖಾತರಿ ಕೊಟ್ಟರು. ನಗರ ತೀವ್ರ ಆರ್ಥಿಕ ಸಂಕಷ್ಟದಲ್ಲಿದೆ ಎಂದು ಆಯವ್ಯಯದ ನಿರ್ಣಯದಲ್ಲಿ ದಾಖಲಿಸಿದರೆ ಆ ಖಾತರಿಯನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿಡಬಹುದು. 2022ರಲ್ಲಿ ಅದೇ ಮತದಾರರು ಇನ್ನೊಂದು ಯೋಜನೆಗೆ ಒಪ್ಪಿದರು: ಅರ್ಹ ನಿವಾಸಿಗಳಿಗೆ ತಲಾ 25 ಡಾಲರಿನ ನಾಲ್ಕು ವೋಚರ್, ಮೆಚ್ಚಿದ ಅಭ್ಯರ್ಥಿಗೆ ದೇಣಿಗೆ ಕೊಡಲು. ನಡೆಸಬೇಕಾದದ್ದು ಈ ಆಯೋಗವೇ. 2024ರ ಚುನಾವಣೆ ಬಂದಾಗ ನಗರದಲ್ಲಿ ಹಣವಿಲ್ಲದೆ ಯೋಜನೆಯನ್ನು ಮುಂದೂಡಲಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ.

ಕಾವಲನ್ನು ಹಲವು ಊರುಗಳು ಹಂಚಿಕೊಂಡರೆ ಬಿಲ್ ಯಾರಿಗೆ? ಫ್ಲಾರಿಡಾದ ಪಾಮ್ ಬೀಚ್ ಕೌಂಟಿಯಲ್ಲಿ 2010ರಲ್ಲಿ ಮತದಾರರು ಇನ್‌ಸ್ಪೆಕ್ಟರ್ ಜನರಲ್ ವ್ಯಾಪ್ತಿಯನ್ನು ಎಲ್ಲ ಪುರಸಭೆಗಳಿಗೂ ವಿಸ್ತರಿಸಿದರು. ಇದು ಅಲ್ಲಿನ ನೈತಿಕತಾ ಆಯೋಗಕ್ಕಿಂತ ಬೇರೆಯಾದ ಕಚೇರಿ. ಗುತ್ತಿಗೆಗಳ ಮೊತ್ತದ ಶೇ 0.25ರ ಲೆಕ್ಕದಲ್ಲಿ ಅದಕ್ಕೆ ಹಣ ಹೊಂದಿಸುವ ಯೋಚನೆಯಿತ್ತು. ಹತ್ತಕ್ಕೂ ಹೆಚ್ಚು ಪುರಸಭೆಗಳು ನ್ಯಾಯಾಲಯಕ್ಕೆ ಹೋದವು. 2016ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಅವುಗಳ ಪರವಾಗಿ ತೀರ್ಪು ಕೊಟ್ಟಿತು: ಪಾವತಿ ಮಾಡುವಂತೆ ಅವನ್ನು ಬಲವಂತಪಡಿಸುವಂತಿಲ್ಲ. ತಪಾಸಣೆಯ ವ್ಯಾಪ್ತಿ ಉಳಿಯಿತು, ಅದಕ್ಕೆ ಪುರಸಭೆಗಳಿಂದ ಬರಬೇಕಿದ್ದ ಹಣ ಬರಲಿಲ್ಲ.

ಕೊನೆಗೆ, ಉತ್ತರಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು: "ಮಂಡಳಿ ತಾನು ಹಾಕುವ ದಂಡದಿಂದಲೇ ನಡೆಯಲಿ." ದಯವಿಟ್ಟು ಹೀಗೆ ಬರೆಯಬೇಡಿ. ತನ್ನ ಸಂಬಳಕ್ಕಾಗಿ ದಂಡ ಹಾಕುವವನ ತೀರ್ಪನ್ನು ಯಾರೂ ನಂಬುವುದಿಲ್ಲ. ಇನ್ನೊಂದು ಕಾರಣವೂ ಇದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಇಂಥ ಕಚೇರಿಗಳ ಅತಿ ಬೆಲೆಬಾಳುವ ಕೆಲಸ ತಪ್ಪು ನಡೆಯುವ ಮೊದಲೇ ಆಗುತ್ತದೆ. ಗುಮಾಸ್ತರೊಬ್ಬರು ದೂರವಾಣಿ ಮಾಡಿ, "ಗುತ್ತಿಗೆದಾರರು ಊಟಕ್ಕೆ ಕರೆದಿದ್ದಾರೆ, ಹೋಗಬಹುದೇ?" ಎಂದು ಕೇಳುತ್ತಾರೆ. "ಬೇಡ" ಎಂಬ ಉತ್ತರ ಸಿಗುತ್ತದೆ. ಆ ಕರೆಯಿಂದ ಒಂದು ಡಾಲರ್ ದಂಡವೂ ಹುಟ್ಟುವುದಿಲ್ಲ. ಲಾಸ್ ಏಂಜಲೀಸ್‌ನಲ್ಲಿ 2024ರ ಅದೇ ಮತದಾನ ದಂಡದ ಮಿತಿಯನ್ನು 5,000ದಿಂದ 15,000 ಡಾಲರಿಗೆ ಏರಿಸಿತು. ವಸೂಲಾದ ದಂಡ ಆಯೋಗದ ಪೆಟ್ಟಿಗೆಗೆ ಹೋಗದೆ ನಗರದ ಸಾಮಾನ್ಯ ನಿಧಿಗೆ ಸೇರುತ್ತದೆ.